ಶಾಸನ ಶಬ್ದದ ಎರಡು ಅರ್ಥಗಳು: ಪ್ರಾಚೀನ ಕಟ್ಟಡಗಳ ರಕ್ಷಣೆಯಲ್ಲಿ ಕಾಯಿದೆಯ ಪಾತ್ರವನ್ನು ಕುರಿತು ಒಂದು ವಿಮರ್ಶೆ

೧

ಕನ್ನಡದಲ್ಲಿ 'ಶಾಸನ' ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನ ಮೇಲೋ ತಾಮ್ರಪಟದ ಮೇಲೋ ಕೊರೆದ ಹಳೆಯ ಬರಹವೂ ಶಾಸನವೇ. ಸಂಸತ್ತೋ ವಿಧಾನಮಂಡಲವೋ ಅಂಗೀಕರಿಸಿದ ಕಾಯಿದೆಯೂ ಶಾಸನವೇ. ಇತಿಹಾಸದ ಅಧ್ಯಾಪಕರು ಮೊದಲನೆಯ ಅರ್ಥದಲ್ಲಿಯೂ ನ್ಯಾಯವಾದಿಗಳು ಎರಡನೆಯ ಅರ್ಥದಲ್ಲಿಯೂ ಇದನ್ನು ಬಳಸುತ್ತಾರೆ. ಒಬ್ಬರ ಶಾಸನವನ್ನು ಮತ್ತೊಬ್ಬರು ಓದುವುದು ಅಪರೂಪ. ಆದರೆ ಪ್ರಾಚೀನ ಕಟ್ಟಡಗಳ ರಕ್ಷಣೆಯ ಪ್ರಶ್ನೆ ಬಂದಾಗ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದುವುದು ಅವಶ್ಯ. ಏಕೆಂದರೆ ಎರಡರ ಉದ್ದೇಶವೂ ಒಂದೇ: ಕಟ್ಟಿಸಿದವರ ಕಾಲ ಕಳೆದ ಮೇಲೆಯೂ ಕಟ್ಟಡ ನಿಲ್ಲಬೇಕು. ಆ ಉದ್ದೇಶವನ್ನು ಸಾಧಿಸಲು ಅವು ಹಿಡಿದ ದಾರಿಗಳು ಮಾತ್ರ ಬೇರೆ ಬೇರೆ. ಆ ಭೇದವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ವಿಷಯ.

ಪರಿಶೀಲನೆಗೆ ನಾವು ಆರಿಸಿಕೊಂಡಿರುವ ಕ್ಷೇತ್ರ ಹಿಂದಿನ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು. ಈ ಸೀಮೆಯನ್ನು ಆರಿಸಿದ್ದಕ್ಕೆ ಕಾರಣವುಂಟು. ೧೮೦೦ರಲ್ಲಿ ನಿಜಾಮನು ಇದನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟನು. ಅಂದಿನಿಂದ ೧೯೫೩ರ ಸೆಪ್ಟೆಂಬರಿನವರೆಗೆ ಇದು ಮದರಾಸಿನ ಆಡಳಿತದಲ್ಲಿತ್ತು. ಆ ವರ್ಷದ ಅಕ್ಟೋಬರ್ ೧ರಂದು, ಆಂಧ್ರ ರಾಜ್ಯ ಹುಟ್ಟಿದ ದಿನವೇ, ಮೈಸೂರಿಗೆ ಸೇರಿತು. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಈ ಐದು ತಾಲ್ಲೂಕುಗಳೂ ವಿಜಯನಗರ ಜಿಲ್ಲೆಯ ಭಾಗವಾದವು. ಹೀಗೆ ಮದರಾಸಿನ ಕಾಯಿದೆ, ಇಡೀ ಭಾರತದ ಕಾಯಿದೆ, ಮೈಸೂರು ರಾಜ್ಯದ ಮತ್ತು ಕರ್ನಾಟಕದ ಕಾಯಿದೆ, ಎಲ್ಲವೂ ಒಂದರ ಮೇಲೊಂದು ಬಂದು ಕೂತ ನೆಲವಿದು. ಕಾಯಿದೆಯ ಗುಣದೋಷಗಳನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಮಾದರಿ ಸಿಕ್ಕುವುದು ಕಷ್ಟ.

೨

ಮೊದಲು ಕಲ್ಲಿನ ಶಾಸನವನ್ನು ನೋಡೋಣ. ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಶಾಸನಗಳಲ್ಲಿ ಬಾಲ್ಗುಳಿ ಎಂದು ಕಾಣುವ ಊರು. ಅಲ್ಲಿಯ ಕಲ್ಲೇಶ್ವರ ದೇವಾಲಯದಲ್ಲಿ ಕಲ್ಯಾಣ ಚಾಲುಕ್ಯ ರಾಜ್ಯವನ್ನು ಸ್ಥಾಪಿಸಿದ ತೈಲಪನ ಕಾಲದ, ಕ್ರಿ.ಶ. ೯೮೭ರ, ಶಾಸನವಿದೆ. ಅಂದಿನಿಂದ ಹನ್ನೆರಡನೆಯ ಶತಮಾನದವರೆಗೆ ತುಂಗಭದ್ರೆಯ ಈ ದಂಡೆಯ ಊರುಗಳಲ್ಲಿ ಅನೇಕ ದೇವಾಲಯಗಳು ಎದ್ದವು. ಅವುಗಳೊಡನೆ ದಾನಶಾಸನಗಳೂ ಹುಟ್ಟಿದವು. ಈ ಶಾಸನಗಳ ಅಂಗರಚನೆ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಅರಸನ ಪ್ರಶಸ್ತಿ, ಕೈಕೆಳಗಿನ ಅಧಿಕಾರಿಯ ಹೆಸರು, ದಾನ ಪಡೆಯುವ ಆಚಾರ್ಯನ ಗುರುಪರಂಪರೆ, ಕಾಲನಿರ್ದೇಶ, ದಾನದ ವಿವರ, ಕೊನೆಗೆ ಶಾಪಾಶೀರ್ವಾದ. ಪ್ರಶಸ್ತಿಭಾಗವನ್ನು ರಾಜಕೀಯ ಇತಿಹಾಸಕ್ಕೂ ಗುರುಪರಂಪರೆಯನ್ನು ಧರ್ಮದ ಇತಿಹಾಸಕ್ಕೂ ಬಳಸಿಕೊಂಡು, ದಾನದ ವಿವರವನ್ನು ನಾವು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತೇವೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಅದೇ ಭಾಗ.

ದಾನದ ಉದ್ದೇಶಗಳನ್ನು ಎಣಿಸುವಾಗ ದೇವರ ಅಂಗಭೋಗ, ನೈವೇದ್ಯ, ನಂದಾದೀವಿಗೆ, ತಪೋಧನರ ಆಹಾರದಾನ, ವಿದ್ಯಾದಾನ ಮುಂತಾದವುಗಳ ಜೊತೆಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಸಮಾಸ ಮತ್ತೆ ಮತ್ತೆ ಬರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಹಳತಾಗಿ ಸಡಿಲವಾದದ್ದು. ಕಟ್ಟಡ ಕೆಡುವ ಮೂರು ಬಗೆಗಳನ್ನು ಇಷ್ಟು ಕ್ಲುಪ್ತವಾಗಿ ಹೇಳುವ ಮಾತು ನಮ್ಮ ಈಗಿನ ಕಾಯಿದೆಗಳಲ್ಲಿ ದೊರೆಯುವುದಿಲ್ಲ. ಗಮನಿಸಬೇಕಾದ ಸಂಗತಿಯೇನೆಂದರೆ, ಗುಡಿ ಇನ್ನೂ ಹೊಸದಾಗಿರುವಾಗಲೇ ಅದು ಮುರಿಯುವ ದಿನವನ್ನು ದಾನಿ ಮುಂಗಂಡು ಅದಕ್ಕೆ ಹಣದ ಏರ್ಪಾಡು ಮಾಡಿರುವುದು. ಇಂತಿಷ್ಟು ಮತ್ತರು ಭೂಮಿ, ಇಂತಿಷ್ಟು ತೋಟ, ಒಂದು ಗಾಣ, ಸುಂಕದಲ್ಲಿ ಒಂದು ಪಾಲು ಎಂದು ಆದಾಯದ ಮೂಲವನ್ನು ಹೇಳಿ, ಮರ, ಕೆರೆ, ನೆಟ್ಟ ಕಲ್ಲುಗಳ ಗುರುತಿನಿಂದ ಎಲ್ಲೆಯನ್ನು ನಿಗದಿ ಮಾಡಿ, ನಡೆಸುವವನು ಯಾರು, ನೋಡಿಕೊಳ್ಳುವವರು ಯಾರು ಎಂಬುದನ್ನೂ ಬರೆಯುತ್ತಾರೆ. ಆಚಾರ್ಯ ನಡೆಸತಕ್ಕವನು, ಊರ ಮಹಾಜನರು, ಗಾವುಂಡರು ನೋಡಿಕೊಳ್ಳತಕ್ಕವರು.

ಆದ್ದರಿಂದ ದಾನಶಾಸನವನ್ನು ಕಾಯಿದೆಯ ದೃಷ್ಟಿಯಿಂದ ಓದಿದರೆ ಅದರಲ್ಲಿ ಐದು ಅಂಗಗಳು ಕಾಣುತ್ತವೆ: ಕರ್ತವ್ಯ, ಹಣ, ಹೊಣೆಗಾರ, ಸಾಕ್ಷಿ, ಶಿಕ್ಷೆ. ಇವುಗಳಲ್ಲಿ ಕೊನೆಯದೇ ಅತ್ಯಂತ ದುರ್ಬಲ. ದತ್ತಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂಬ ಶಾಪ, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದೆಂಬ ಬೆದರಿಕೆ, ಇವು ನಂಬಿಕೆಯುಳ್ಳವನನ್ನು ಮಾತ್ರ ತಡೆದಾವು. ಆದರೆ ಮೊದಲ ನಾಲ್ಕು ಅಂಗಗಳು ಬಲವಾಗಿದ್ದುದರಿಂದ ಐದನೆಯದರ ದೌರ್ಬಲ್ಯ ಬಹುಕಾಲ ನಡೆದುಹೋಯಿತು.

೩

ಈಗ ಎರಡನೆಯ ಅರ್ಥದ ಶಾಸನಕ್ಕೆ ಬರೋಣ. ಈ ಸೀಮೆಗೆ ಅನ್ವಯಿಸಿದ ಮೊದಲ ಕಾಯಿದೆ ೧೮೧೭ರ ಮದರಾಸಿನ ೭ನೆಯ ರೆಗ್ಯುಲೇಷನ್. ಇದನ್ನು ಪ್ರಾಚೀನ ಸ್ಮಾರಕಗಳ ರಕ್ಷಣೆಯ ಆರಂಭವೆಂದು ಗ್ರಂಥಗಳಲ್ಲಿ ಹೆಸರಿಸುವುದುಂಟು. ಆದರೆ ಅದರ ಶೀರ್ಷಿಕೆಯನ್ನು ಓದಿದರೆ ಬೇರೊಂದು ವಿಷಯವೂ ತಿಳಿಯುತ್ತದೆ. ಮಸೀದಿ, ದೇವಾಲಯ, ವಿದ್ಯಾಶಾಲೆಗಳಿಗೆ ಬಿಟ್ಟ ಭೂಮಿಯ ಉತ್ಪನ್ನದ ಸರಿಯಾದ ವಿನಿಯೋಗವೂ, ಸೇತುವೆ ಛತ್ರ ಮುಂತಾದ ಸಾರ್ವಜನಿಕ ಕಟ್ಟಡಗಳ ದುರಸ್ತಿಯೂ ಅದರಲ್ಲಿ ಒಂದೇ ಕಾಯಿದೆಯ ವಿಷಯಗಳಾಗಿವೆ. ಎಂದರೆ ಕಂಪನಿ ಸರ್ಕಾರ, ತಿಳಿದೋ ತಿಳಿಯದೆಯೋ, ದಾನಶಾಸನದ ಕ್ರಮವನ್ನೇ ಮುಂದುವರಿಸಿತು. ಭೂಮಿಯ ಆದಾಯವೂ ಕಲ್ಲಿನ ದುರಸ್ತಿಯೂ ಇನ್ನೂ ಬೇರ್ಪಟ್ಟಿರಲಿಲ್ಲ.

ಬೇರ್ಪಟ್ಟದ್ದು ೧೮೬೩ರಲ್ಲಿ. ಆ ವರ್ಷದ ೨೦ನೆಯ ಆಕ್ಟಿನಿಂದ ಸರ್ಕಾರ ದೇವಾಲಯ ಮಸೀದಿಗಳ ಆಡಳಿತದಿಂದ ಹಿಂದೆ ಸರಿದು, ಅದನ್ನು ಧರ್ಮದರ್ಶಿಗಳಿಗೂ ಸಮಿತಿಗಳಿಗೂ ಒಪ್ಪಿಸಿತು. ಆದರೆ ಪ್ರಾಚೀನತೆಯಿಂದಲೋ ಇತಿಹಾಸದಿಂದಲೋ ವಾಸ್ತುಕಲೆಯಿಂದಲೋ ಗಣ್ಯವಾದ ಕಟ್ಟಡಗಳಿಗೆ ಹಾನಿಯಾಗದಂತೆ ತಡೆಯುವ ಅಧಿಕಾರವನ್ನು ಅದೇ ಆಕ್ಟಿನ ೨೩ನೆಯ ಕಲಮಿನಲ್ಲಿ ತನ್ನಲ್ಲಿಯೇ ಉಳಿಸಿಕೊಂಡಿತು. ಈ ಕಲಮು ಚಿಕ್ಕದು, ಪರಿಣಾಮ ದೊಡ್ಡದು. ಭೂಮಿಯೂ ಪೂಜೆಯೂ ಒಂದು ಕಡೆಗೆ ಹೋದವು. ಕಲ್ಲಿನ 'ಪ್ರಾಚೀನತೆ' ಇನ್ನೊಂದು ಕಡೆಗೆ ಬಂತು. ಒಂದೇ ಗುಡಿ ಎರಡು ವಸ್ತುಗಳಾಯಿತು.

೧೯೦೪ರ ಪ್ರಾಚೀನ ಸ್ಮಾರಕಗಳ ಸಂರಕ್ಷಣ ಕಾಯಿದೆ ಈ ವಿಭಜನೆಯ ಮೇಲೆ ನಿಂತಿದೆ. ಲಾರ್ಡ್ ಕರ್ಜನ್ನನ ಉತ್ಸಾಹದ ಫಲವಾದ ಈ ಕಾಯಿದೆಗೆ ಇಂಗ್ಲೆಂಡಿನ ಮೇಲ್ಪಂಕ್ತಿಯಿತ್ತು. ೧೮೮೨ರಲ್ಲಿ ಅಲ್ಲಿ ಅಂಗೀಕಾರವಾದ ಕಾಯಿದೆ ೬೮ ಸ್ಮಾರಕಗಳ ಒಂದು ಪಟ್ಟಿಯನ್ನು ಮಾಡಿ, ಒಡೆಯನು ಒಪ್ಪಿದರೆ ಮಾತ್ರ ಸರ್ಕಾರ ರಕ್ಷಣೆಯ ಹೊಣೆ ಹೊರಬಹುದೆಂದು ಹೇಳಿತ್ತು. ನಮ್ಮ ಕಾಯಿದೆ ಅದಕ್ಕಿಂತ ಮುಂದೆ ಹೋಯಿತು. ಅಧಿಸೂಚನೆಯಿಂದ ಸ್ಮಾರಕವನ್ನು 'ಸಂರಕ್ಷಿತ'ವೆಂದು ಸಾರುವುದು, ಒಡೆಯನೊಡನೆ ಕರಾರು, ಅಗತ್ಯವಾದರೆ ಸ್ವಾಧೀನ, ಹಾನಿ ಮಾಡಿದವನಿಗೆ ಮೂರು ತಿಂಗಳ ಸೆರೆ ಅಥವಾ ೫,೦೦೦ ರೂಪಾಯಿ ದಂಡ, ಇವೆಲ್ಲ ಅದರಲ್ಲಿ ಬಂದವು. ದಾನಶಾಸನದಲ್ಲಿ ದುರ್ಬಲವಾಗಿದ್ದ ಐದನೆಯ ಅಂಗ ಇಲ್ಲಿ ಬಲಗೊಂಡಿತು. ಆಗಿನ ಕಾಲಕ್ಕೆ ೫,೦೦೦ ರೂಪಾಯಿ ಸಣ್ಣ ಮೊತ್ತವಲ್ಲ. ಆದರೆ ೧೯೫೮ರಲ್ಲಿ ಹೊಸ ಕಾಯಿದೆ ಬಂದಾಗಲೂ ಅದೇ ಮೊತ್ತ ಉಳಿಯಿತು. ೨೦೧೦ರ ತಿದ್ದುಪಡಿಯಲ್ಲಿ ಅದು ಒಂದು ಲಕ್ಷ ರೂಪಾಯಿಗೂ ಎರಡು ವರ್ಷಗಳ ಸೆರೆಗೂ ಏರುವವರೆಗೆ ೧೦೬ ವರ್ಷ ಬದಲಾಗಲಿಲ್ಲ. ಶಾಪಕ್ಕೆ ಬೆಲೆ ಇಳಿಯಿತೆಂದು ನಾವು ಹೇಳುವುದಾದರೆ, ದಂಡಕ್ಕೂ ಬೆಲೆ ಇಳಿಯಿತೆಂದು ಒಪ್ಪಬೇಕು.

ಹಳೆಯ ಕ್ರಮದ ನೆನಪು ಕಾಯಿದೆಯಲ್ಲಿ ಪೂರ್ತಿ ಅಳಿಸಿಹೋಗಿಲ್ಲ ಎಂಬುದನ್ನೂ ಹೇಳಬೇಕು. ದುರಸ್ತಿಗಾಗಿ ಬಿಟ್ಟ ದತ್ತಿಯೊಂದು ಇದ್ದು, ಒಡೆಯನು ಸ್ಮಾರಕವನ್ನು ರಕ್ಷಿಸದೆ ಹೋದರೆ, ಆ ದತ್ತಿಯನ್ನು ಸರಿಯಾಗಿ ವಿನಿಯೋಗಿಸುವಂತೆ ಸರ್ಕಾರ ಜಿಲ್ಲಾ ನ್ಯಾಯಾಧೀಶನಲ್ಲಿ ದಾವೆ ಹೂಡಬಹುದೆಂಬ ಕಲಮು ೧೯೦೪ರ ಕಾಯಿದೆಯಲ್ಲಿಯೂ ೧೯೫೮ರ ಕಾಯಿದೆಯಲ್ಲಿಯೂ ಇದೆ. ಇದು 'ಖಂಡಸ್ಫುಟಿತ'ದ ನೆರಳು. ಆದರೆ ದತ್ತಿಯ ಭೂಮಿಗಳೇ ಇನಾಮು ರದ್ದತಿಯಿಂದಲೂ ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದಲೂ ಕೈಬಿಟ್ಟು ಹೋದ ಮೇಲೆ ಈ ನೆರಳಿಗೆ ದೇಹವಿಲ್ಲದಂತಾಯಿತು. ಭೂಮಿಗೆ ಬದಲಾಗಿ ಬಂದ ತಸ್ದೀಕು, ವರ್ಷಾಶನಗಳು ದೀಪ ನೈವೇದ್ಯಗಳಿಗೆ ಒದಗಬಲ್ಲವು. ಸೂರಿನ ಬಿರುಕಿಗೆ ಒದಗುವಷ್ಟಲ್ಲ.

೪

ಸ್ವಾತಂತ್ರ್ಯಾನಂತರ ಸಂವಿಧಾನದ ೪೯ನೆಯ ಅನುಚ್ಛೇದ ರಾಷ್ಟ್ರೀಯ ಪ್ರಾಮುಖ್ಯದ ಸ್ಮಾರಕಗಳ ರಕ್ಷಣೆಯನ್ನು ರಾಜ್ಯದ ಕರ್ತವ್ಯವೆಂದು ಸಾರಿತು. ಆ ಸ್ಮಾರಕಗಳಿಗೆ ೧೯೫೮ರ ಕೇಂದ್ರ ಕಾಯಿದೆಯೂ, ಉಳಿದವುಗಳಿಗೆ ೧೯೬೧ರ ಮೈಸೂರು ಕಾಯಿದೆಯೂ ಬಂದವು. ೧೯೭೬ರಲ್ಲಿ ಪರಂಪರೆಯನ್ನು ಗೌರವಿಸಿ ಕಾಪಾಡುವುದು ನಾಗರಿಕನ ಮೂಲಭೂತ ಕರ್ತವ್ಯಗಳಲ್ಲೊಂದಾಯಿತು. ಈ ಕಾಯಿದೆಗಳಿಂದ ಆದ ಉಪಕಾರವನ್ನು ಕಡಿಮೆಯೆನ್ನುವಂತಿಲ್ಲ. ಬಾಗಳಿಯ ಕಂಬಗಳೂ, ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಪ್ರಸಿದ್ಧ ಮದನಿಕೆ ವಿಗ್ರಹಗಳೂ ಇಂದು ನೋಡಸಿಗುವುದರಲ್ಲಿ ಅವುಗಳ ಪಾಲು ದೊಡ್ಡದು. ಸಾರ್ವಜನಿಕರಿಗೆ ಪ್ರವೇಶದ ಹಕ್ಕನ್ನು ಹೇಳುವ ಕಲಮು ಹಳೆಯ ಶಾಸನಗಳಲ್ಲಿ ಊಹಿಸಲೂ ಆಗದ ಮಾತು. ಪೂಜೆ ನಡೆಯುವ ಸ್ಮಾರಕವನ್ನು ಅದರ ಸ್ವಭಾವಕ್ಕೆ ಹೊಂದದ ಕೆಲಸಕ್ಕೆ ಬಳಸಕೂಡದೆಂಬ ೧೬ನೆಯ ಕಲಮೂ ವಿವೇಕದ್ದೇ.

ಆದರೆ ಕಾಯಿದೆಯ ವಾಕ್ಯಗಳನ್ನು ಒಟ್ಟಾಗಿ ಓದಿದರೆ ಒಂದು ವಿಷಯ ಎದ್ದು ತೋರುತ್ತದೆ. ದುರಸ್ತಿಯ ಹೊಣೆ ಸರ್ಕಾರದ್ದು. ಊರವರ ಪಾಲಿಗೆ ಬರುವುದು ಬಹುಮಟ್ಟಿಗೆ ನಿಷೇಧ. ಅಗೆಯಬಾರದು, ಕಟ್ಟಬಾರದು, ಬರೆಯಬಾರದು, ಮುಟ್ಟಬಾರದು. ದಾನಶಾಸನದ ಕ್ರಿಯಾಪದ 'ಮಾಡತಕ್ಕುದು'. ಕಾಯಿದೆಯ ಕ್ರಿಯಾಪದ 'ಮಾಡಕೂಡದು'. ಸಂರಕ್ಷಿತ ಎಲ್ಲೆಯಿಂದ ೧೦೦ ಮೀಟರುಗಳವರೆಗೆ ನಿಷೇಧಿತ ಪ್ರದೇಶ, ಅಲ್ಲಿಂದ ಮುಂದೆ ೨೦೦ ಮೀಟರುಗಳವರೆಗೆ ನಿಯಂತ್ರಿತ ಪ್ರದೇಶ ಎಂಬ ನಿಯಮ ೧೯೯೨ರ ಜೂನ್ ೧೬ರ ಅಧಿಸೂಚನೆಯಿಂದ ಹುಟ್ಟಿ, ೨೦೧೦ರ ತಿದ್ದುಪಡಿಯಿಂದ ಕಾಯಿದೆಯ ಅಂಗವಾಯಿತು. ಲೆಕ್ಕ ಹಾಕಿ ನೋಡಿ. ಒಂದು ಬಿಂದುವಿನಿಂದ ಅಳೆದರೂ ೧೦೦ ಮೀಟರಿನ ವೃತ್ತದಲ್ಲಿ ಏಳೂಮುಕ್ಕಾಲು ಎಕರೆ, ೩೦೦ ಮೀಟರಿನ ವೃತ್ತದಲ್ಲಿ ಸುಮಾರು ೭೦ ಎಕರೆ ಬೀಳುತ್ತದೆ. ಅಳತೆ ಎಲ್ಲೆಯಿಂದ ನಡೆಯುವುದರಿಂದ ನಿಜವಾದ ವಿಸ್ತಾರ ಇನ್ನೂ ಹೆಚ್ಚು. ಬಯಲಿನಲ್ಲಿರುವ ಸ್ಮಾರಕಕ್ಕೆ ಇದು ಹಿತ. ಊರ ನಡುವಿನ ಗುಡಿಯ ಸುತ್ತ ಇದು ಒಂದು ಕೇರಿಯೇ ಆಗುತ್ತದೆ. ಅಲ್ಲಿ ಹಳೆಯ ಮನೆಯ ಮಾಳಿಗೆ ಸೋರಿದರೂ ದುರಸ್ತಿಗೆ ಅಪ್ಪಣೆ ಬೇಕು. ಗುಡಿಗೆ ಎಣ್ಣೆ, ಹೂವು, ನೀರು ಒದಗಿಸಿದ ಮನೆತನಗಳಿಗೇ ಗುಡಿ ಒಂದು ತೊಡಕಾಗಿ ತೋರಿದರೆ ಆಶ್ಚರ್ಯವಿಲ್ಲ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ೧೯೪೩ರ ಫ್ರೆಂಚ್ ಕಾನೂನು ಸ್ಮಾರಕದ ಸುತ್ತ ೫೦೦ ಮೀಟರುಗಳ ವಲಯವನ್ನು ಗುರುತಿಸಿತು. ಅದು ನಮ್ಮದಕ್ಕಿಂತ ದೊಡ್ಡ ವೃತ್ತ. ಆದರೆ ಅಲ್ಲಿ ಕಟ್ಟುವುದನ್ನು ಒಟ್ಟಾಗಿ ನಿಷೇಧಿಸಿಲ್ಲ; ಸ್ಮಾರಕದ ನೋಟಕ್ಕೆ ಒಳಪಟ್ಟ ಕೆಲಸಗಳನ್ನು ತಜ್ಞ ವಾಸ್ತುಶಿಲ್ಪಿಯ ಒಪ್ಪಿಗೆಗೆ ಒಳಪಡಿಸಿದೆ. ಒಂದು ಕಾನೂನು ಗೆರೆ ಎಳೆಯುತ್ತದೆ; ಇನ್ನೊಂದು ಕಣ್ಣಿಟ್ಟು ನೋಡುತ್ತದೆ. ನಮ್ಮಲ್ಲಿಯೂ ೨೦೧೦ರ ತಿದ್ದುಪಡಿ ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಉಪನಿಯಮಗಳನ್ನು ರಚಿಸಬೇಕೆಂದು ಹೇಳಿದೆ. ಕಾಯಿದೆಯ ಅತ್ಯಂತ ವಿವೇಕದ ಭಾಗ ಇದೇ ಎಂದು ನಮ್ಮ ಅಭಿಪ್ರಾಯ. ಗೆರೆಗಳನ್ನು ಊರಿನ ಸ್ವರೂಪಕ್ಕೆ ಹೊಂದಿಸಲು ಇರುವ ದಾರಿ ಇದೊಂದೇ.

೫

ಇದುವರೆಗೆ ಹೇಳಿದ್ದು ಪಟ್ಟಿಯೊಳಗಿನ ಕಟ್ಟಡಗಳ ಮಾತು. ಪಟ್ಟಿಯ ಹೊರಗಿನವುಗಳ ಮಾತು ಇದಕ್ಕಿಂತ ಗಂಭೀರ. ಕಾಯಿದೆಯ ಮೊದಲ ಕೆಲಸ ಹೆಸರಿಸುವುದು. ಹೆಸರಿಸದ ಕಟ್ಟಡ ಅದರ ಕಣ್ಣಿಗೆ ಇಲ್ಲ. ಈ ಸೀಮೆಯಲ್ಲಿ ಹೆಸರಿಸುವ ಕೆಲಸವನ್ನು ಆರಂಭಿಸಿದವರು ಮದರಾಸು ಸರ್ಕಾರದ ವಿದ್ವಾಂಸರು. ರಾಬರ್ಟ್ ಸಿವೆಲ್ ೧೮೮೨ರಲ್ಲಿ ಮದರಾಸು ಆಧಿಪತ್ಯದ ಪ್ರಾಚೀನಾವಶೇಷಗಳ ಪಟ್ಟಿಯನ್ನು ಪ್ರಕಟಿಸಿದನು. ಅಲೆಗ್ಸಾಂಡರ್ ರೀ ೧೮೯೬ರಲ್ಲಿ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಗ್ರಂಥದಲ್ಲಿ ಬಳ್ಳಾರಿ ಜಿಲ್ಲೆಯ ಬಾಗಳಿ, ಮಾಗಳ, ಕುರುವತ್ತಿ, ಹಿರೇಹಡಗಲಿ ಮುಂತಾದ ಊರುಗಳ ದೇವಾಲಯಗಳ ನಕ್ಷೆ ಬರೆದನು. ಅವನ ಶ್ರಮಕ್ಕೆ ನಾವು ಋಣಿಗಳು. ಆದರೆ ಅವನ ವಿಷಯ ಒಂದು ಶೈಲಿ, ಒಂದು ಸೀಮೆಯಲ್ಲ. ಚಾಲುಕ್ಯ ಶೈಲಿಯಲ್ಲದ್ದು ಅವನ ಪುಸ್ತಕದ ಹೊರಗೇ ಉಳಿಯಿತು, ಮತ್ತು ಆ ಶೈಲಿಯ ಗುಡಿಗಳೇ 'ನೋಡತಕ್ಕ ಸ್ಮಾರಕ'ಗಳೆಂಬ ಭಾವನೆ ವಿದ್ವಾಂಸರಲ್ಲಿ ಬಹುಕಾಲ ನೆಲೆಸಿತು. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳಲ್ಲಿ ಆಳಿದ ಪಾಳೆಯಗಾರರ ಕಾಲದ ಕಟ್ಟಡಗಳು, ಊರೂರಿನ ಹುಡೇವು, ಬಾವಿ, ಮಠ, ದರ್ಗಾ, ಚಾವಡಿ, ವೀರಗಲ್ಲು, ಮಾಸ್ತಿಕಲ್ಲುಗಳು ಆ ಭಾವನೆಗೆ ಒಗ್ಗುವಂಥವಲ್ಲ.

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಂಥ ಊರನ್ನು ತೆಗೆದುಕೊಳ್ಳಿ. ಈ ಹೆಸರಿನ ಊರುಗಳು ಕನ್ನಡನಾಡಿನಲ್ಲಿ ಅನೇಕ. ಹೆಸರೇ ಹೊಸತನವನ್ನು ಸಾರುವುದರಿಂದ ಅಲ್ಲಿ ಪ್ರಾಚೀನವಾದುದನ್ನು ಹುಡುಕಲು ಯಾರೂ ಹೋಗುವುದಿಲ್ಲ. ಆದರೆ ೧೯೫೮ರ ಕಾಯಿದೆಯ ಪ್ರಕಾರ ಪ್ರಾಚೀನ ಸ್ಮಾರಕವೆನಿಸಲು ಬೇಕಾದದ್ದು ನೂರು ವರ್ಷಗಳ ಆಯುಷ್ಯ ಮತ್ತು ಇತಿಹಾಸದ ಅಥವಾ ಕಲೆಯ ದೃಷ್ಟಿಯಿಂದ ಒಂದು ಮಹತ್ವ. ಈ ನೂರರ ಗಡಿ ನಿಂತ ಗೆರೆಯಲ್ಲ. ವರ್ಷವರ್ಷವೂ ಮುಂದೆ ಸರಿಯುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳ ಕಟ್ಟಡಗಳು ಆಗಲೇ ಆ ಗಡಿಯನ್ನು ದಾಟಿವೆ. ಪಟ್ಟಿಯೂ ಅದರೊಡನೆ ಸರಿಯದಿದ್ದರೆ ಕಾಯಿದೆ ತನ್ನ ವ್ಯಾಖ್ಯೆಗೇ ತಪ್ಪಿದಂತೆ. ಇನ್ನೊಂದು ತುದಿಯಲ್ಲಿ, ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಹುತಾತ್ಮರ ಸ್ಮಾರಕವಿದೆ. ಅವರು ತೀರಿಕೊಂಡದ್ದು ೧೯೪೮ರಲ್ಲಾದ್ದರಿಂದ ೨೦೪೮ಕ್ಕೆ ಮೊದಲು ಆ ಕಟ್ಟಡ ಕಾಯಿದೆಯ ಅರ್ಥದಲ್ಲಿ ಪ್ರಾಚೀನವಾಗಲಾರದು. ಇತಿಹಾಸದ ಮಹತ್ವವನ್ನು ವಯಸ್ಸಿನಿಂದ ಮಾತ್ರ ಅಳೆಯುವುದರ ತೊಂದರೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಪಟ್ಟಿಯಲ್ಲಿ ಹೆಸರು ಬಂದರೆ ಸಾಕೇ? ಅದೂ ಸಾಲದು. ೨೦೧೩ರಲ್ಲಿ ಮಹಾಲೇಖಪಾಲರು ದೇಶದ ೧,೬೫೫ ಸಂರಕ್ಷಿತ ಸ್ಮಾರಕಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿದಾಗ ೯೨ ಸ್ಮಾರಕಗಳು ಕಾಣಸಿಗಲಿಲ್ಲವೆಂದು ವರದಿ ಮಾಡಿದರು. ಕಾಗದದ ಮೇಲೆ ರಕ್ಷಿತವಾಗಿ ನೆಲದ ಮೇಲೆ ಇಲ್ಲವಾದುವು. ಇದೇ ಜಿಲ್ಲೆಯ ಹಂಪಿಯಲ್ಲಾದರೋ ೧೯೮೬ರಲ್ಲಿ ವಿಶ್ವಪರಂಪರೆಯ ಮನ್ನಣೆ, ೨೦೦೨ರಲ್ಲಿ ಪ್ರತ್ಯೇಕ ಪ್ರಾಧಿಕಾರದ ಕಾಯಿದೆ ಬಂದವು. ನದಿಯಾಚೆಯ ವಿರುಪಾಪುರಗಡ್ಡೆಯ ವಸತಿಗೃಹಗಳು ಅಕ್ರಮವೆಂದು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಾಗ ಆಧಾರವಾದದ್ದು ರಾಜ್ಯದ ೧೯೬೧ರ ಕಾಯಿದೆಯೂ ಅದರಡಿ ೧೯೮೮ರಲ್ಲಿ ಹೊರಟ ಅಧಿಸೂಚನೆಯೂ. ನೋಡುವ ಕಣ್ಣುಗಳು ಇದ್ದಲ್ಲಿ ಕಾಯಿದೆಗೆ ಕೈಗಳೂ ಬರುತ್ತವೆ. ಹಂಪಿಗೆ ಜಗತ್ತಿನ ಕಣ್ಣಿದೆ. ಕೊಟ್ಟೂರು ಹಗರಿಬೊಮ್ಮನಹಳ್ಳಿಗಳ ಒಳಹಳ್ಳಿಗಳಿಗೆ ಊರವರ ಕಣ್ಣೇ ಗತಿ.

ಊರವರ ಕಣ್ಣು ಈಗ ಯಾವ ಬಗೆಯದು? ಪಟ್ಟಿಯ ಹೊರಗಿನ ಗುಡಿಗೆ ಊರವರು ಮಾಡುವ ಕೆಲಸಕ್ಕೆ ಇಂದಿಗೂ ಜೀರ್ಣೋದ್ಧಾರವೆಂದೇ ಹೆಸರು. ಭಕ್ತಿಯಿಂದಲೇ ಸಮಿತಿ ಕಟ್ಟುತ್ತಾರೆ, ಚಂದಾ ಎತ್ತುತ್ತಾರೆ. ಆ ಹಣದಿಂದ ಬಳಪದ ಕಲ್ಲಿನ ಕಂಬಕ್ಕೆ ಎಣ್ಣೆಬಣ್ಣ ಬೀಳುತ್ತದೆ, ನೆಲಕ್ಕೆ ಹೊಳಪಿನ ಗ್ರಾನೈಟು ಕೂರುತ್ತದೆ, ಕೆಲವೆಡೆ ಹಳೆಯ ಗುಡಿಯನ್ನೇ ಕೆಡವಿ ಸಿಮೆಂಟಿನ ಶಿಖರ ಎತ್ತುತ್ತಾರೆ. ಶಾಸನದ ಸಮಾಸದಲ್ಲಿ 'ಖಂಡ', 'ಸ್ಫುಟಿತ' ಎಂಬ ಎರಡು ಪದಗಳು ಮರೆತುಹೋಗಿ ಕೊನೆಯದು ಮಾತ್ರ ಉಳಿದ ಫಲವಿದು. ಮುರಿದಲ್ಲಿ ಮುರಿದಷ್ಟನ್ನು, ಬಿರಿದಲ್ಲಿ ಬಿರಿದಷ್ಟನ್ನು ಸರಿಪಡಿಸುವುದು ಸಮಾಸದ ಪೂರ್ಣಾರ್ಥ. ಇದ್ದುದನ್ನು ಇದ್ದಂತೆ ಉಳಿಸುವುದು ಹೊಸದಾಗಿ ಮಾಡುವುದಕ್ಕಿಂತ ಮೇಲೆಂದು ೧೯೨೩ರಲ್ಲಿ ಜಾನ್ ಮಾರ್ಷಲ್ ತನ್ನ ಸಂರಕ್ಷಣೆಯ ಕೈಪಿಡಿಯಲ್ಲಿ ಹೇಳಿದ್ದೂ ಇದಕ್ಕೆ ಬಹಳ ದೂರದ ಮಾತಲ್ಲ.

೬

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಹಳೆಯ ದತ್ತಿಯ ಕ್ರಮವನ್ನು ಹೊಗಳುವುದೆಂದರೆ ದೇವಭೋಗದ ಭೂಮಿಯನ್ನೂ ಅದರ ಹಿಂದಿನ ಸಮಾಜವ್ಯವಸ್ಥೆಯನ್ನೂ ಮರಳಿ ಬಯಸಿದಂತೆ ಆಗುವುದಿಲ್ಲವೇ? ಹಾಗಲ್ಲ. ಆ ಭೂಮಿಯನ್ನು ಉತ್ತು ಬಿತ್ತಿದವನಿಗೆ ಗುಡಿಯೊಳಗೆ ಪ್ರವೇಶವಿಲ್ಲದ ಕಾಲವಿತ್ತು. ಮದರಾಸಿನ ದೇವಾಲಯ ಪ್ರವೇಶದ ಕಾಯಿದೆ ೧೯೪೭ರಲ್ಲಿ ಬರಬೇಕಾಯಿತು. ಉಳುವವನಿಗೆ ಭೂಮಿ ದೊರೆತದ್ದು ನ್ಯಾಯವೇ. ನಮ್ಮ ಪ್ರಶ್ನೆ ಬೇರೆ. ಭೂಮಿಯೊಡನೆ ಒಂದು ಋಣವೂ ಇತ್ತು. ಭೂಮಿ ಕೈ ಬದಲಾಯಿಸಿದಾಗ ಆ ಋಣವನ್ನು ಯಾರ ಲೆಕ್ಕಕ್ಕೆ ಬರೆದರು? ಪೂಜೆಯ ಆಡಳಿತ ಒಂದು ಇಲಾಖೆಗೆ, ಕಲ್ಲಿನ ರಕ್ಷಣೆ ಮತ್ತೊಂದಕ್ಕೆ, ಭೂಮಿಯ ದಾಖಲೆ ಮೂರನೆಯದಕ್ಕೆ ಸೇರಿದವು. ೧೮೬೩ರಲ್ಲಿ ಎರಡಾದದ್ದು ಈಗ ಮೂರಾಗಿದೆ. ಪಟ್ಟಿಯ ಹೊರಗಿನ ಗುಡಿಯ ಮಟ್ಟಿಗೆ ಖಂಡಸ್ಫುಟಿತದ ಋಣ ಯಾವ ಖಾತೆಯಲ್ಲಿಯೂ ಇಲ್ಲ.

ಅದನ್ನು ಬರೆಯತಕ್ಕ ಖಾತೆ ಯಾವುದು? ಪಂಚಾಯತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ ೭೩ನೆಯ ತಿದ್ದುಪಡಿ ಹನ್ನೊಂದನೆಯ ಅನುಸೂಚಿಯಲ್ಲಿ ೨೯ ವಿಷಯಗಳನ್ನು ಎಣಿಸಿದೆ. ಸಾಂಸ್ಕೃತಿಕ ಚಟುವಟಿಕೆಯೂ ಸಮುದಾಯದ ಆಸ್ತಿಗಳ ಪಾಲನೆಯೂ ಅವುಗಳಲ್ಲಿ ಸೇರಿವೆ; ಹಳೆಯ ಕಟ್ಟಡಗಳ ಹೆಸರು ಮಾತ್ರ ಇಲ್ಲ. ಹಿಂದೆ ಮಹಾಜನರೂ ಗಾವುಂಡರೂ ಇದ್ದ ಸ್ಥಾನದಲ್ಲಿ ಇಂದು ಜಾತಿ ಲಿಂಗಗಳ ಭೇದವಿಲ್ಲದೆ ಎಲ್ಲರಿಗೂ ಮತವಿರುವ ಗ್ರಾಮಸಭೆಯಿದೆ. ಪಂಚಾಯತಿ ತನ್ನ ಎಲ್ಲೆಯೊಳಗಿನ ನೂರು ವರ್ಷ ಮೀರಿದ ಕಟ್ಟಡಗಳ ದಾಖಲೆಯನ್ನು ಇಡತಕ್ಕದ್ದೆಂದೂ, ವರ್ಷಕ್ಕೊಮ್ಮೆ ಅವುಗಳನ್ನು ನೋಡಿ ಬರೆಯತಕ್ಕದ್ದೆಂದೂ, ಸಣ್ಣ ದುರಸ್ತಿಗೆ ಒಂದು ಮೊತ್ತವನ್ನು ತೆಗೆದಿರಿಸತಕ್ಕದ್ದೆಂದೂ, ತಜ್ಞರ ಒಪ್ಪಿಗೆಯಿಲ್ಲದೆ ಕೆಡವತಕ್ಕದ್ದಲ್ಲವೆಂದೂ ರಾಜ್ಯದ ಕಾಯಿದೆಯಲ್ಲಿ ನಾಲ್ಕು ವಾಕ್ಯಗಳು ಸೇರಿದರೆ, ಕರ್ತವ್ಯ, ಹಣ, ಹೊಣೆಗಾರ, ಸಾಕ್ಷಿ ಎಂಬ ನಾಲ್ಕು ಅಂಗಗಳೂ ಮರಳಿ ಕೂಡುತ್ತವೆ. ಐದನೆಯ ಅಂಗವಾದ ಶಿಕ್ಷೆ ಆಗಲೇ ಕಾಯಿದೆಯಲ್ಲಿದೆ.

ಕಾಲೇಜುಗಳು ಈ ಕೆಲಸಕ್ಕೆ ಕಾಯಿದೆಯ ತಿದ್ದುಪಡಿಯನ್ನು ಕಾಯಬೇಕಾಗಿಲ್ಲ. ಈ ಜಿಲ್ಲೆಯ ಶಾಸನಗಳು ಬಹುಮಟ್ಟಿಗೆ ಅಚ್ಚಾಗಿವೆ. ದಾನಭಾಗವನ್ನು ಓದಿ, ಅದರಲ್ಲಿ ಹೇಳಿದ ಗುಡಿ ಈಗ ಯಾವ ಸ್ಥಿತಿಯಲ್ಲಿದೆ, ಬಿಟ್ಟ ಭೂಮಿಯ ಎಲ್ಲೆ ಎಲ್ಲಿತ್ತು, ಕೆರೆ ಇದೆಯೇ, ಕಲ್ಲು ನಿಂತಿದೆಯೇ ಎಂಬುದನ್ನು ವಿದ್ಯಾರ್ಥಿಗಳು ಊರಿಗೆ ಹೋಗಿ ಪರಿಶೀಲಿಸಿ ಬರೆಯಬಹುದು. ಅಂಥ ಒಂದೊಂದು ಬರಹವೂ ಮುಂದೆ ಪಂಚಾಯತಿಯ ದಾಖಲೆಗೆ ಮೊದಲ ಪುಟವಾಗುತ್ತದೆ. ಬಾಗಳಿಯ ಗುಡಿಗೆ ದತ್ತಿ ಬಿಟ್ಟವರಿಗೆ ಸಾವಿರ ವರ್ಷಗಳ ಆಚೆಗಿನ ಬಿರುಕು ಕಂಡಿತ್ತು. ಬಿರುಕು ಈಗ ನಮ್ಮ ಕಣ್ಣೆದುರಿಗೇ ಇದೆ. ಅದನ್ನು ಹೆಸರಿಟ್ಟು ಬರೆದುಕೊಳ್ಳುವುದು ಕಾಯಿದೆಯ ಮೊದಲ ಕೆಲಸ. ಅದೇ ನಮ್ಮ ಮೊದಲ ಕೆಲಸವೂ ಹೌದು.